ನಗಣ್ಯವಲ್ಲ

ಬೆಂಗಳೂರಿನಲ್ಲಿ ಕೂತು ಸಮುದ್ರದ ಕೆಲಸ ಮಾಡುವವರ ಪಾಡು ಶತ್ರುವಿಗೂ ಬೇಡ. ಆಟೋದವನಿಗೆ ಹೇಳಿದರೆ ನಗುತ್ತಾನೆ. ನೆಂಟರಿಗೆ ಹೇಳಿದರೆ ಬರುವಾಗ ಒಳ್ಳೆ ಮೀನು ತಾ ಅನ್ನುತ್ತಾರೆ. ಬ್ಯಾಂಕಿನವರಿಗೆ ಹೇಳಿದರೆ ಇನ್ನೊಂದು ಸಲ ಹೇಳಿ ಮೇಡಂ ಅನ್ನುತ್ತಾರೆ. ರುಮಾನಾಗೆ ಇದೆಲ್ಲ ಕೇಳಿ ಕೇಳಿ ರೋಸಿಹೋಗಿ, ಈಚೆಗೆ ಯಾರಾದರೂ ವಿಚಾರಿಸಿದರೆ ‘ಲ್ಯಾಬ್‌ನಲ್ಲಿ ಕೆಲಸ’ ಎಂದಷ್ಟೇ ಹೇಳುತ್ತಿದ್ದಳು. ಆಗ ಅವರು ತಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟು ತೆಗೆದು ತೋರಿಸುತ್ತಿದ್ದರು.

ಅವಳ ಕಚೇರಿ ಇದ್ದದ್ದು ಸಹಕಾರನಗರದಲ್ಲಿ, ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ. ಯಾವುದಾದರೂ ಕಂಪನಿ ಗಣಿಯನ್ನೋ ಹೆದ್ದಾರಿಯನ್ನೋ ಶುರುಮಾಡುವ ಮೊದಲು, ಅದರಿಂದ ನೆಲಕ್ಕೆ, ನೀರಿಗೆ, ಜೀವಿಗಳಿಗೆ ಏನಾಗುತ್ತದೆ ಎಂದು ಅಧ್ಯಯನ ಮಾಡಿ ವರದಿ ಬರೆದುಕೊಡುವ ಕಚೇರಿ ಅದು. ವರದಿ ನೋಡಿ ಸರ್ಕಾರ ಹೂಂ ಅನ್ನಬಹುದು, ಉಹೂಂ ಅನ್ನಬಹುದು. ಉಹೂಂ ಅಂದದ್ದನ್ನು ಮಾತ್ರ ರುಮಾನಾ ಅಲ್ಲಿ ಸೇರಿದಾಗಿನಿಂದ ನೋಡಿರಲಿಲ್ಲ.

ಕಚೇರಿಯ ಮಾಲೀಕರು ನಂದಕುಮಾರ್. ಕೊಡಿಗೇಹಳ್ಳಿಯ ಹಳೇ ಮನೆತನ. ಅವರ ತಾತ ರಾಗಿ ಬಿತ್ತಿದ್ದ ಹೊಲದ ಮೇಲೇ ಈಗ ಮೂರು ಪಾರ್ಕು, ಒಂದು ಸೂಪರ್ ಮಾರ್ಕೆಟ್ಟು ಇದ್ದವು. ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವ ಕೆಲಸದಿಂದ ಬದುಕು ಶುರುಮಾಡಿ, ಬಾಗಲೂರು ಕಡೆ ಎಷ್ಟು ಕೊರೆದರೂ ಬರೀ ದೂಳು ಬರತೊಡಗಿದ ಮೇಲೆ ವರದಿ ಬರೆಯುವ ಕಡೆಗೆ ಹೊರಳಿದವರು. ಒಳ್ಳೆಯ ಮನುಷ್ಯ. ಕೆಲಸದವರ ಮನೆ ಮದುವೆಗೆ ಮೊದಲು ಬಂದು, ಪಾತ್ರೆ ತೊಳೆದು ಮುಗಿದ ಮೇಲೆ ಎದ್ದು ಹೋಗುವವರು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಮುಖಕ್ಕೆ ಅಂದು ಹೊರಗೆ ಬರಬಹುದಿತ್ತು.

ಆ ವರ್ಷ ಒಂದು ತೈಲ ಕಂಪನಿ ಕರಾವಳಿಯಾಚೆ, ದಡದಲ್ಲಿ ನಿಂತರೆ ಕಾಣದಷ್ಟು ದೂರದಲ್ಲಿ, ಸಮುದ್ರದ ತಳ ಕೊರೆದು ಅನಿಲ ತೆಗೆಯಲು ಹೊರಟಿತ್ತು. ಅದರ ವರದಿಯ ಕೆಲಸ ನಂದಕುಮಾರ್ ಅವರಿಗೆ ಬಂತು. ಕಚೇರಿಯಲ್ಲಿ ಸಮುದ್ರಜೀವಿಗಳ ಬಗ್ಗೆ ಓದಿದ್ದವಳು ಒಬ್ಬಳೇ; ಆದ್ದರಿಂದ ಸಮುದ್ರವೆಲ್ಲ ರುಮಾನಾ ಪಾಲಿಗೆ ಬಂತು.

ಅವಳು ಹೋದಳು. ದೋಣಿಯಲ್ಲಿ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. ಎರಡು ದವಡೆಯ ಕಬ್ಬಿಣದ ಬುಟ್ಟಿಯನ್ನು ಹಗ್ಗಕಟ್ಟಿ ತಳಕ್ಕೆ ಬಿಟ್ಟು, ಅದು ಕಚ್ಚಿ ತಂದ ಕೆಸರನ್ನು ಡಬ್ಬಗಳಿಗೆ ತುಂಬಿ ಬೆಂಗಳೂರಿಗೆ ತಂದಳು. ಆಮೇಲೆ ತಿಂಗಳುಗಟ್ಟಲೆ ಅದೇ ಕೆಲಸ: ಕೆಸರನ್ನು ಜರಡಿಯಲ್ಲಿ ತೊಳೆಯುವುದು, ಉಳಿದ ಹುಳಗಳನ್ನು ಒಂದೊಂದಾಗಿ ಹೆಕ್ಕಿ ಸೂಕ್ಷ್ಮದರ್ಶಕದ ಕೆಳಗೆ ಇಡುವುದು, ಯಾವ ಜಾತಿ ಎಂದು ಗುರುತಿಸುವುದು. ಕೆಳಗಿನ ದರ್ಶಿನಿಯಿಂದ ಸಾಂಬಾರಿನ ವಾಸನೆ ಮೇಲೆ ಬರುತ್ತಿತ್ತು, ಮೇಲಿನಿಂದ ಹುಳ ಕೆಡದಂತೆ ಹಾಕುವ, ಕಣ್ಣುರಿಸುವ ಫಾರ್ಮಲಿನ್ ವಾಸನೆ ಕೆಳಗೆ ಇಳಿಯುತ್ತಿತ್ತು. ದರ್ಶಿನಿಯವರು ದೂರು ಹೇಳಿದಾಗಲೆಲ್ಲ ನಂದಕುಮಾರ್ ಮೆಟ್ಟಿಲ ಮೇಲೆ ಊದುಬತ್ತಿ ಹಚ್ಚಿಡುತ್ತಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುತ್ತಾರಲ್ಲ, ರುಮಾನಾಗೆ ಒಮ್ಮೊಮ್ಮೆ ತನ್ನ ಕೆಲಸ ಹಾಗೇ ಕಾಣುತ್ತಿತ್ತು.

ಆದರೆ ಸಿಕ್ಕಿದ್ದು ಸುಮ್ಮನೆ ಬಿಡುವಂಥದ್ದಾಗಿರಲಿಲ್ಲ. ಕಂಪನಿ ಕೊರೆಯಬೇಕೆಂದಿದ್ದ ಜಾಗದ ಕೆಸರು ಸುತ್ತಮುತ್ತಲಿನ ಕೆಸರಿನಂತಿರಲಿಲ್ಲ. ಅದರ ತುಂಬ ಹುಳ. ಮಳೆಗಾಲ ಮುಗಿದ ಮೇಲೆ ಸೀಗಡಿಗಳು ಅಲ್ಲಿಗೆ ಮೇಯಲು ಬರುತ್ತವೆ, ಅಲ್ಲೇ ಮೊಟ್ಟೆ ಬಿಡುತ್ತವೆ. ಆ ತಿಂಗಳುಗಳಲ್ಲಿ ಕೊರೆದು, ಕೊರೆದ ಕೆಸರನ್ನು ಅಲ್ಲೇ ಸುರಿದರೆ ಎಲ್ಲದರ ಮೇಲೂ ಪದರ ಕೂರುತ್ತದೆ. ಕೊರೆಯಲೇಬೇಡಿ ಎಂದು ಅವಳೇನೂ ಬರೆಯಲಿಲ್ಲ. ಬೇಸಿಗೆಯವರೆಗೆ ಕಾಯಿರಿ, ಇಲ್ಲವೇ ಕೆಸರನ್ನು ದಡಕ್ಕೆ ಸಾಗಿಸಿ ಎಂದು ಬರೆದಳು. ಇಲ್ಲದಿದ್ದರೆ ಸೀಗಡಿಯ ಮೇಲೆ ಆಗುವ ಪರಿಣಾಮ ‘ಸಿಗ್ನಿಫಿಕೆಂಟ್’, ಅಂದರೆ ಗಣನೀಯ, ಎಂದಳು.

ಹಾಗೆ ಬರೆಯುವಾಗ ಅವಳ ಕಣ್ಣ ಮುಂದೆ ಒಬ್ಬ ಹೆಂಗಸಿದ್ದಳು. ದೋಣಿ ಇಳಿದು ದಕ್ಕೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಾಗ ಸೀಗಡಿ ಸುಲಿಯುತ್ತಿದ್ದ ಆಕೆ ಕುಡಿಯಲು ನೀರು ಕೊಟ್ಟು, ಇವಳ ಡಬ್ಬಗಳನ್ನೇ ನೋಡಿ, “ನಮ್ಮ ಸೀಗಡಿಗೆ ಎಂತಾದರೂ ಆಗ್ತದಾ ಅಮ್ಮ?” ಎಂದು ಕೇಳಿದ್ದಳು. ಗೊತ್ತಿಲ್ಲ, ನೋಡಬೇಕು ಎಂದಿದ್ದಳು ರುಮಾನಾ. “ನೋಡಿ ಆದ ಮೇಲೆ ಇದ್ದದ್ದು ಇದ್ದ ಹಾಗೆ ಬರೀತೀರಲ್ಲ?” ಎಂದು ಆಕೆ ಮತ್ತೆ ಕೇಳಿದಳು. ಬರೀತೀನಿ ಎಂದು ರುಮಾನಾ ಮಾತು ಕೊಟ್ಟು ಬಂದಿದ್ದಳು.

ವರದಿ ಕೊಟ್ಟ ಮರುದಿನವೇ ನಂದಕುಮಾರ್ ಅವಳನ್ನು ತಮ್ಮ ಕೋಣೆಗೆ ಕರೆದರು.

“ಅಲ್ಲ ಕಣಮ್ಮ, ಕೊರೆಯೋ ಹಡಗು ಅಕ್ಟೋಬರ್‌ಗೇ ಬುಕ್ ಆಗಿದೆಯಂತೆ. ಕಂಪನಿ ಶಿವರಾಮ್ ಬೆಳಿಗ್ಗೆಯಿಂದ ನನ್ನ ತಲೆ ತಿಂತಾವ್ರೆ. ಈ ಸಿಗ್ನಿಫಿಕೆಂಟು ಎಲ್ಲಿಂದ ಬಂತು?”

“ಕೆಸರಿಂದ ಬಂತು ಸರ್.”

“ತಮಾಷೆ ಬೇಡ. ಸಮುದ್ರ ಎಷ್ಟು ದೊಡ್ಡದು! ಒಂದಿಷ್ಟು ಕೆಸರು ಬಿದ್ರೆ ಏನಾಗುತ್ತೆ? ಯಲಹಂಕದಿಂದ ಬಾಗಲೂರ್‌ವರೆಗೂ ನಾನು ಕೊರೆಸದೆ ಇರೋ ಸೈಟಿಲ್ಲ. ಕೆಸರು ಬರುತ್ತೆ, ಪಕ್ಕಕ್ಕೆ ಬಿಡ್ತೀವಿ. ಯಾರಿಗೇನಾಯ್ತು ಹೇಳು?”

“ಸರ್, ಹೋದ ಬೇಸಿಗೇಲಿ ನಿಮ್ಮ ಪಕ್ಕದ ಮನೆಯೋರು ಬೋರ್ ಹಾಕಿಸಿದಾಗ ನೀವು ಜಗಳಕ್ಕೆ ಹೋಗಿದ್ರಲ್ಲ.”

“ಅದು ಬೇರೆ ವಿಷ್ಯ. ನಮ್ಮನೆಯವ್ಳು ತಾರಸಿ ತುಂಬ ಹಪ್ಪಳ ಒಣಹಾಕಿದ್ಲು. ಅಷ್ಟರ ಮೇಲೂ ದೂಳು ಬೂದಿ ಥರ ಕೂತ್ಕೊಳ್ತು. ಒಂದನ್ನೂ ಬಾಯಿಗಿಡೋ ಹಾಗಿರ್ಲಿಲ್ಲ.”

“ಇದೂ ಅದೇ ಸರ್. ಹಪ್ಪಳ ಒಣಹಾಕಿರೋ ದಿನ ಕೊರೀಬೇಡಿ ಅಂತ ಅಷ್ಟೇ ನಾನು ಹೇಳ್ತಿರೋದು.”

ನಂದಕುಮಾರ್ ವರದಿಯನ್ನು ಮತ್ತೆ ಎತ್ತಿಕೊಂಡು ನೋಡಿದರು. ಅರ್ಥವಾಗಿತ್ತು, ಅರ್ಥವಾದದ್ದು ಮುಖದಲ್ಲಿ ಕಾಣುತ್ತಿತ್ತು. ಅದನ್ನು ನೋಡಿ ರುಮಾನಾಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು, ಶಿವರಾಮ್ ಹೆಸರು ಬಂತು, ಮುಖದಿಂದ ಹಪ್ಪಳ ಮಾಯವಾಯಿತು.

ಸಂಜೆಯ ಹೊತ್ತಿಗೆ ವರದಿಯ ಆ ವಾಕ್ಯದಲ್ಲಿ ‘ನಾಟ್’ ಎಂಬ ಪದವೊಂದು ಬಂದು ಕೂತಿತ್ತು. ನಾಟ್ ಸಿಗ್ನಿಫಿಕೆಂಟ್. ಕಾಯಿರಿ ಎಂದಿದ್ದ ಪ್ಯಾರಾ ಇರಲೇ ಇಲ್ಲ. ಕೆಳಗೆ ಅಧ್ಯಯನ ಮಾಡಿದವರ ಹೆಸರು: ರುಮಾನಾ. ಅವಳು ಕೂಗಾಡಿದಳು, ಮೇಲ್ ಬರೆದಳು, ನನ್ನ ಹೆಸರನ್ನಾದರೂ ತೆಗೆಯಿರಿ ಎಂದಳು. ಪರಿಣತರ ಹೆಸರಿಲ್ಲದೆ ವರದಿ ಸಲ್ಲಿಸುವ ಹಾಗಿಲ್ಲ ಕಣಮ್ಮ, ನಿನ್ನ ಬಿಟ್ಟರೆ ನಮಗ್ಯಾರಿದ್ದಾರೆ ಎಂದು ಪ್ರೀತಿಯಿಂದಲೇ ಹೇಳಿ ನಂದಕುಮಾರ್ ಕಾಫಿ ತರಿಸಿದರು. ಆ ಕಾಫಿಯನ್ನು ಅವಳು ಮುಟ್ಟಲಿಲ್ಲ.

ಕೆಲಸ ಬಿಡಬಹುದಿತ್ತು. ಬಿಟ್ಟು ಹೋಗುವುದೆಲ್ಲಿಗೆ? ಸಮುದ್ರದ ಹುಳ ಎಣಿಸುವವರು ಬೇಕು ಎಂದು ಹೆಬ್ಬಾಳದಲ್ಲಿ ಯಾರೂ ಬೋರ್ಡು ಹಾಕಿಕೊಂಡಿರಲಿಲ್ಲ.

ಇನ್ನು ಕನ್ನಡದ ಸಾರಾಂಶದ ಕಥೆ. ಇಂಥ ಯೋಜನೆಗಳಿಗೆ ಜನರ ಅಹವಾಲು ಕೇಳುವ ಸಭೆ ನಡೆಯಬೇಕು. ಅದಕ್ಕೆ ಮುಂಚೆ ವರದಿಯ ಸಾರಾಂಶ ಆ ಊರಿನ ಜನರ ಭಾಷೆಯಲ್ಲಿ ಅವರ ಕೈಗೆ ಹೋಗಬೇಕು. ನಂದಕುಮಾರ್ ಅವರ ಕನ್ನಡವೆಲ್ಲ ಯಲಹಂಕ ಹಳೇ ಪೇಟೆಯ ಧನಲಕ್ಷ್ಮಿಯ ಡಿಟಿಪಿ ಅಂಗಡಿಯಲ್ಲಿ ತಯಾರಾಗುತ್ತಿತ್ತು. ಆಕೆ ಲಗ್ನಪತ್ರಿಕೆಯಿಂದ ಕ್ರಯಪತ್ರದವರೆಗೆ ಏನು ಬೇಕಾದರೂ ಬರೆದುಕೊಡುವವಳು. ‘ಸದರಿ’, ‘ಮೇಲ್ಕಂಡ’ ಇಲ್ಲದೆ ಒಂದು ಸಾಲೂ ಮುಂದೆ ಹೋಗದ ಗಟ್ಟಿ ಸರ್ಕಾರಿ ಕನ್ನಡ.

“ಕನ್ನಡದ್ದು ನಾನೊಂದ್ಸಲ ನೋಡ್ತೀನಿ ಸರ್,” ಎಂದಳು ರುಮಾನಾ. ಕನಿಷ್ಠ ಆ ಸಾಲಿನ ಸುತ್ತಮುತ್ತ ಏನಾದರೂ ಉಳಿಸಬಹುದೇನೋ ಎಂಬ ಆಸೆ.

“ನೀನ್ಯಾಕಮ್ಮ ತೊಂದ್ರೆ ತಗೋತೀಯ? ನಿಮ್ಮನೇಲಿ ಉರ್ದು ಅಲ್ವಾ? ಕನ್ನಡದ ವಿಷ್ಯ ನಂಗೆ ಬಿಡು. ಹದಿನೈದು ತಲೆಮಾರಿನಿಂದ ಇಲ್ಲೇ ಇರೋರು ನಾವು.”

ಆರ್.ಟಿ. ನಗರದ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಹತ್ತರವರೆಗೆ ಕನ್ನಡದಲ್ಲೇ ಓದಿ, ಸಂಧಿ ಸಮಾಸಗಳಿಗೆ ಬೆತ್ತದ ಏಟು ತಿಂದವಳು ರುಮಾನಾ. ಇಂಗ್ಲಿಷ್ ಕಾನ್ವೆಂಟಿನಲ್ಲಿ ಓದಿದ ಕೊಡಿಗೇಹಳ್ಳಿಯ ಯಜಮಾನರಿಗೆ ಅದನ್ನು ಎಷ್ಟು ಸಲ ಹೇಳುವುದು? ಅವಳಿಗೆ ಮೈಯೆಲ್ಲ ಉರಿಯಿತು. ಬ್ಯಾಗು ಎತ್ತಿಕೊಂಡು ಮನೆಗೆ ಹೊರಟಳು.

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತೇ ಇತ್ತು. ಅವಳ ಸಿಟ್ಟಿಗೆ ನಡೆದುಹೋಗಿದ್ದರೂ ಬೇಗ ತಲುಪುತ್ತಿದ್ದಳು.

ಮನೆಯಲ್ಲಿ ಚಿಕ್ಕಮ್ಮ ಮಲ್ಕಾ ಬಂದಿದ್ದರು. ಅಮ್ಮ ಜೈಬುನ್ನೀಸಾ ತಟ್ಟೆಗೆ ಪುಲಾವ್ ಬಡಿಸುತ್ತಿದ್ದರು. “ನಕ್ಕೋ ಆಪಾ, ನಕ್ಕೋ,” ಎಂದು ಮಲ್ಕಾ ತಟ್ಟೆಗೆ ಕೈ ಅಡ್ಡ ಹಿಡಿದರು. ಅಮ್ಮ ಆ ಕೈಯನ್ನು ಸರಿಸಿ ಇನ್ನೊಂದು ಸೌಟು ಹಾಕಿದರು.

“ಬೇಡ ಅಂತಿದ್ದಾರಲ್ಲ ಅಮ್ಮಿ,” ಎಂದು ರುಮಾನಾ ಮನೆಯ ದಖ್ಖನಿಯಲ್ಲಿ ಸಿಡುಕಿದಳು.

“ಒಂದು ನಕ್ಕೋ ಅಂದ್ರೆ ಬೇಡ. ಎರಡು ನಕ್ಕೋ ಅಂದ್ರೆ ಹಾಕು ಅಂತ,” ಎಂದರು ಜೈಬುನ್ನೀಸಾ. “ಇಷ್ಟು ಓದಿ ಅದೂ ಗೊತ್ತಾಗ್ಲಿಲ್ವಾ ನಿಂಗೆ?” ಮಲ್ಕಾ ತಲೆ ತಗ್ಗಿಸಿ ಖುಷಿಯಾಗಿ ತಿನ್ನುತ್ತಿದ್ದರು. ರುಮಾನಾಗೆ ನಗು ಬರಲಿಲ್ಲ. ದಕ್ಕೆಯ ಮೇಲೆ ಕೊಟ್ಟು ಬಂದ ಮಾತನ್ನೇ ಯೋಚಿಸುತ್ತ ತಟ್ಟೆ ಹಾಕಿಕೊಂಡು ಕೂತಳು.

ಅತ್ತ ಯಲಹಂಕದಲ್ಲಿ ಆಗಬಾರದ್ದು ಆಗುತ್ತಿತ್ತು. ಧನಲಕ್ಷ್ಮಿ ತಿದ್ದಿದ ಇಂಗ್ಲಿಷ್ ನೋಡಿಕೊಂಡು ‘ಸೀಗಡಿಯ ಮೇಲಾಗುವ ಪರಿಣಾಮವು ಗಣನೀಯವಲ್ಲ’ ಎಂದು ಆಗಲೇ ಸರಿಯಾಗಿ ಬರೆದು ಮುಗಿಸಿದ್ದಳು. ಅದೇ ಹೊತ್ತಿಗೆ ಶಿವರಾಮ್ ನಂದಕುಮಾರ್ ಅವರಿಗೆ ಫೋನ್ ಮಾಡಿ, ಇನ್ನೂ ಸ್ವಲ್ಪ ಖಡಕ್ಕಾದ ಪದ ಹಾಕಿಸಿ, ‘ನಗಣ್ಯ’ ಅಂತ ಒಂದು ಪದ ಇದೆಯಲ್ಲ, ಲೆಕ್ಕಕ್ಕೇ ಇಲ್ಲ ಅನ್ನೋ ಅರ್ಥದ್ದು, ಅದನ್ನು ಹಾಕಿಸಿ ಎಂದರು. ನಂದಕುಮಾರ್ ತಮ್ಮ ಬಳಿ ಇದ್ದ, ಇಂಗ್ಲಿಷ್ ತಿದ್ದುವ ಮೊದಲೇ ಧನಲಕ್ಷ್ಮಿ ಕಳಿಸಿದ್ದ ಕನ್ನಡದ ಹಳೇ ಪ್ರತಿ ನೋಡಿದರು. ಅದರಲ್ಲಿ ಇನ್ನೂ ‘ಪರಿಣಾಮವು ಗಣನೀಯ’ ಎಂದೇ ಇತ್ತು. ಕೂಡಲೇ ಧನಲಕ್ಷ್ಮಿಗೆ ಫೋನ್ ಹಚ್ಚಿದರು.

“ಗಣನೀಯ ಅಂತ ಇರೋದನ್ನ ನಗಣ್ಯ ಅಂತ ಮಾಡಮ್ಮ.”

“ಎಲ್ಲಾ ಕಡೆನಾ ಸರ್?”

“ಎಲ್ಲಾ ಕಡೆ ಅಂದ್ರೆ ಎಲ್ಲಾ ಕಡೆ. ಒಂದೂ ಬಿಡ್ಬೇಡ.”

ಎಲ್ಲ ಕಡೆ ಒಂದೇ ಏಟಿಗೆ ಪದ ಬದಲಿಸುವ ಗುಂಡಿ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಹೊರಗೆ ಲಗ್ನಪತ್ರಿಕೆಯವರು ಕಾಯುತ್ತಿದ್ದರು. ಧನಲಕ್ಷ್ಮಿ ಗುಂಡಿ ಒತ್ತಿದಳು, ಪ್ರತಿಗಳು ಅಚ್ಚಾದವು, ಕರಾವಳಿಯ ಪಂಚಾಯಿತಿಗಳಿಗೆ ಹೊರಟವು.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುವುದು ಇದಕ್ಕೇ. ಸಭೆಗೆ ಮೂರು ದಿನ ಇದೆ ಅನ್ನುವಾಗ ಶಿವರಾಮ್ ಅವರ ಫೋನು ಬಂತು. ಸ್ಪೀಕರ್ ಹಾಕದಿದ್ದರೂ ಅವರ ದನಿ ಕಚೇರಿಯ ಮೂಲೆಮೂಲೆಗೆ ಕೇಳುತ್ತಿತ್ತು.

“ಏನ್ರೀ ನಂದಕುಮಾರ್ ಇದು? ‘ಈ ಯೋಜನೆಯಿಂದ ಸ್ಥಳೀಯರಿಗೆ ಉದ್ಯೋಗಾವಕಾಶಗಳು ನಗಣ್ಯವಾಗಿ ಹೆಚ್ಚಲಿವೆ’ ಅಂತ ಇದೆ! ‘ರಾಜ್ಯಕ್ಕೆ ನಗಣ್ಯ ಆದಾಯ ಬರಲಿದೆ’ ಅಂತ ಇದೆ! ‘ಕಂಪನಿಯು ಊರಿನ ಶಾಲೆಗಳಿಗೆ ನಗಣ್ಯ ನೆರವು ನೀಡಲಿದೆ’ ಅಂತೆ! ನಮ್ಮ ದುಡ್ಡಲ್ಲೇ ನಮ್ಮ ಮರ್ಯಾದೆ ತೆಗೀತಿದ್ದೀರಾ ನೀವು?”

ನಂದಕುಮಾರ್ ಬೆವೆತುಹೋದರು. ಧನಲಕ್ಷ್ಮಿಗೆ ಫೋನ್ ಮಾಡಿ ಕೂಗಾಡಿದರು. ಅವಳೇನು ಕಡಿಮೆಯೇ?

“ಎಲ್ಲಾ ಕಡೆನಾ ಅಂತ ಕೇಳಿದ್ನೋ ಇಲ್ವೋ ಸರ್? ಒಂದೂ ಬಿಡ್ಬೇಡ ಅಂದೋರ್ಯಾರು? ನಾನ್ ಟೈಪ್ ಮಾಡೋಳು ಸರ್, ನಿಮ್ಮ ಮನಸ್ನಲ್ಲಿ ಇರೋದು ಓದೋಕೆ ನಾನೇನು ಶಾಸ್ತ್ರ ಹೇಳೋಳಾ?”

ತನ್ನ ಮೇಜಿನ ಮುಂದೆ ಕೂತಿದ್ದ ರುಮಾನಾಗೆ ಅಂದು ಮೊದಲ ಬಾರಿ ನಗು ಬಂತು. ವರ್ಷಗಳಿಂದ ನೂರಾರು ಪುಟ ತಿರುಚಿ ಬರೆದಿದ್ದ ಕಚೇರಿಯಲ್ಲಿ ನಿಜ ಹೇಳಲು ಒಂದು ಗುಂಡಿ ಸಾಕಾಗಿತ್ತು. ಆದರೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಂದಕುಮಾರ್ ಅಚ್ಚಾದ ಸಾರಾಂಶ ತಂದು ಅವಳ ಮುಂದೆ ಇಟ್ಟು, ತಪ್ಪುಗಳನ್ನೆಲ್ಲ ಹುಡುಕಿ ಒಂದು ತಿದ್ದುಪಡಿ ಸಿದ್ಧಮಾಡು, ಸಂಜೆಯೊಳಗೆ ಎಲ್ಲ ಪಂಚಾಯಿತಿಗೂ ಹೋಗಬೇಕು ಎಂದರು. ಉರ್ದು ಮನೆಯವಳ ಕನ್ನಡ ಈಗ ಸಾಕಾಗುವಂತಿತ್ತು.

ಅವಳು ಓದುತ್ತ ಹೋದಳು. ಉದ್ಯೋಗದ ಸಾಲು, ಆದಾಯದ ಸಾಲು, ಶಾಲೆಯ ಸಾಲು. ಎಲ್ಲದಕ್ಕೂ ಕೆಂಪು ಗೆರೆ ಎಳೆದಳು. ಆಮೇಲೆ ಸಮುದ್ರದ ಪುಟ ಬಂತು. ಅಲ್ಲಿ ಅವಳ ಕೈ ನಿಂತಿತು.

‘ಮಳೆಗಾಲದ ನಂತರದ ತಿಂಗಳುಗಳಲ್ಲಿ ಕೊರೆದ ಕೆಸರಿನಿಂದ ಸೀಗಡಿಯ ಮೇಲಾಗುವ ಪರಿಣಾಮವು ನಗಣ್ಯವಲ್ಲ.’

ಅವಳು ಮತ್ತೆ ಓದಿದಳು. ನಗಣ್ಯ ಅಲ್ಲ. ಲೆಕ್ಕಕ್ಕಿಲ್ಲದ್ದು ಅಲ್ಲ. ಅಂದರೆ ಲೆಕ್ಕಕ್ಕಿದೆ. ಇವರು ಹಾಕಿದ ‘ಅಲ್ಲ’ವನ್ನು ಇವರೇ ಹಾಕಿದ ‘ನ’ ಹೊಡೆದುಹಾಕಿ, ಅವಳು ಮೊದಲು ಬರೆದಿದ್ದದ್ದೇ ಎದ್ದು ಕೂತಿತ್ತು. ಆ ಸಾಲನ್ನು ಕಂಪನಿಯ ಒಬ್ಬರೂ ಗಮನಿಸಿರಲಿಲ್ಲ. ತಮ್ಮ ಹೊಗಳಿಕೆ ಕಡಿಮೆಯಾದದ್ದಷ್ಟೇ ಅವರ ಕಣ್ಣಿಗೆ ಬಿದ್ದಿತ್ತು.

ಸುಮ್ಮನಿದ್ದರೆ ಆಯಿತು. ಆದರೆ ಸುಮ್ಮನಿರುವುದು ಅವಳ ಜಾಯಮಾನವಲ್ಲ, ಕಳ್ಳತನ ಮಾಡಿದ ಹಾಗೆ ಅನ್ನಿಸಿತು. ಹೇಳಿದರೆ ಇವರು ತಿದ್ದುತ್ತಾರೆ, ಹೇಳದಿದ್ದರೆ ತಾನೂ ಇವರಂತೆಯೇ ಆಗುತ್ತೇನೆ. ಥೂ, ನಿಜ ಹೇಳುವುದಕ್ಕೂ ಇಷ್ಟು ಪೇಚಾಟವೇ ಎಂದು ಬೈದುಕೊಳ್ಳುತ್ತ ಅವಳು ಪುಟ ಹಿಡಿದು ನಂದಕುಮಾರ್ ಅವರ ಕೋಣೆಗೆ ಹೋದಳು.

“ಸರ್, ಸಮುದ್ರದ ಪುಟದಲ್ಲೂ ಒಂದು ಸಾಲಿದೆ. ನಗಣ್ಯವಲ್ಲ ಅಂತ ಬಂದಿದೆ.”

ನಂದಕುಮಾರ್ ಕನ್ನಡಕ ಏರಿಸಿ ಓದಿದರು. ತುಟಿ ಅಲ್ಲಾಡಿಸುತ್ತ ಇನ್ನೊಂದು ಸಲ ಓದಿದರು.

“ಸರಿಯಾಗೇ ಇದೆಯಲ್ಲಮ್ಮ.”

“ಸರ್, ಅದರ ಅರ್ಥ...”

“ನ ಅಂದ್ರೂ ಇಲ್ಲ, ಅಲ್ಲ ಅಂದ್ರೂ ಇಲ್ಲ. ಎರಡು ಸಲ ಇಲ್ಲ ಅಂದಿದೆ. ಇಲ್ಲವೇ ಇಲ್ಲ ಅನ್ನಲ್ವಾ ನಾವು? ಹಂಗೆ. ಇನ್ನೂ ಗಟ್ಟಿಯಾಯ್ತು. ಶಿವರಾಮ್‌ಗೂ ಖಡಕ್ಕಾಗೇ ಬೇಕಿತ್ತು.”

“ಅಲ್ಲ ಸರ್, ಕೇಳಿ ಇಲ್ಲಿ, ಕನ್ನಡದಲ್ಲಿ...”

“ನೋಡಮ್ಮ,” ಎಂದರು ನಂದಕುಮಾರ್. ತಾಳ್ಮೆ ಮುಗಿದಿತ್ತು. “ನಿಮ್ಮನೇಲಿ ಉರ್ದು. ನಂಗೆ ಕನ್ನಡ ಹೇಳ್ಕೊಡ್ಬೇಡ. ಆ ಸಾಲು ಮುಟ್ಟಬೇಡ. ಉಳಿದದ್ದೆಲ್ಲ ಸರಿಯಿದೆ ಅಂತ ಬರೆದು ತಗೊಂಬಾ, ಸೈನ್ ಹಾಕ್ತೀನಿ.”

ರುಮಾನಾ ಬಾಯಿ ತೆರೆದಳು. ಮಲ್ಕಾ ಚಿಕ್ಕಮ್ಮನ ತಟ್ಟೆ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದಳು.

ತಿದ್ದುಪಡಿ ಒಂದೇ ಪುಟದ್ದು. ಉದ್ಯೋಗ, ಆದಾಯ, ಶಾಲೆಗಳ ಸಾಲುಗಳಲ್ಲಿ ‘ನಗಣ್ಯ’ ಎಂದಿರುವುದನ್ನು ‘ಗಣನೀಯ’ ಎಂದು ಓದಿಕೊಳ್ಳತಕ್ಕದ್ದು. ಉಳಿದ ಎಲ್ಲ ಸಾಲುಗಳನ್ನು ಮತ್ತೊಮ್ಮೆ ಪರಿಶೀಲಿಸಲಾಗಿದ್ದು, ಸರಿಯಾಗಿರುತ್ತವೆ. ಕೆಳಗೆ ನಂದಕುಮಾರ್ ಅವರ ಸಹಿ, ಹಸಿರು ಇಂಕಿನಲ್ಲಿ. ಪಕ್ಕದಲ್ಲಿ ರುಮಾನಾ ಸಹಿ. ಈ ಸಲ ತನ್ನ ಹೆಸರನ್ನು ಅವಳೇ ಹಾಕಿದಳು.

ಸಭೆಗೆ ನಂದಕುಮಾರ್ ಒಬ್ಬರೇ ಹೋದರು. ನೀನು ಬಂದರೆ ಹಪ್ಪಳ ಗಿಪ್ಪಳ ಅಂತ ಏನಾದರೂ ಶುರುಮಾಡುತ್ತೀಯ ಎಂದು ಅವಳನ್ನು ಬಿಟ್ಟು ಹೋದರು. ರುಮಾನಾ ಅಂದು ಬೆಳಿಗ್ಗೆಯಿಂದ ಬೇರೆ ಯಾವುದೋ ಕೆರೆಯ ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದಳು. ಫೋನು ಪಕ್ಕದಲ್ಲೇ ಇತ್ತು. ಏನೂ ಆಗಲಿಕ್ಕಿಲ್ಲ ಎಂದು ಅವಳಿಗೆ ಮುಕ್ಕಾಲು ಪಾಲು ಖಾತ್ರಿಯಿತ್ತು. ಸರ್ಕಾರಿ ಕನ್ನಡವನ್ನು ಕೂತು ಓದುವ ಪುಣ್ಯಾತ್ಮರು ಯಾರಿದ್ದಾರೆ?

ಕೆಳಗೆ ದರ್ಶಿನಿಯಲ್ಲಿ ಮಧ್ಯಾಹ್ನದ ಊಟದ ಗಲಾಟೆ ಶುರುವಾಗುವ ಹೊತ್ತಿಗೆ ಫೋನು ಬಡಿದುಕೊಂಡಿತು. ಹಿಂದೆ ಜನರ ಗದ್ದಲ, ಮೈಕಿನ ಕಿರ್ರೆನ್ನುವ ಸದ್ದು.

“ರುಮಾನಾ, ಒಬ್ಬಳು ಹೆಂಗಸು ಎದ್ದು ನಿಂತು ಓದ್ಬಿಟ್ಳು ಕಣಮ್ಮ,” ಎಂದು ನಂದಕುಮಾರ್ ಪಿಸುಗುಟ್ಟಿದರು. “ಸೀಗಡಿ ಮಾರೋಳಂತೆ. ನಗಣ್ಯವಲ್ಲ ಅಂದ್ರೆ ಏನು, ನಮಗೆ ಅರ್ಥ ಹೇಳಿ ಅಂತ ಕೂತವ್ಳೆ. ನಾನು ಇಲ್ಲವೇ ಇಲ್ಲ ಅಂತ ಅರ್ಥ ಅಂದೆ. ಜನ ಎಲ್ಲ ಘೊಳ್ಳಂತ ನಕ್ರು. ಸಭೆ ನಡೆಸೋ ಸಾಹೇಬ್ರಿಗೂ ನಗು. ಇಂಗ್ಲಿಷ್‌ನಲ್ಲಿ ಒಂದು, ಕನ್ನಡದಲ್ಲಿ ಒಂದು, ಅದರ ಮೇಲೆ ಉಳಿದದ್ದೆಲ್ಲ ಸರಿ ಅಂತ ನಿಮ್ಮದೇ ಸಹಿ, ಅಧ್ಯಯನ ಮಾಡಿದೋರನ್ನೇ ಕೇಳಿ ಅಂತಾವ್ರೆ.” ಉಸಿರು ಎಳೆದುಕೊಂಡರು. “ಫೋನು ಮೈಕಿಗೆ ಹಿಡೀತೀನಿ. ಪರಿಣಾಮ ಏನಿಲ್ಲ ಅಂತ ಒಂದೇ ಮಾತು ಹೇಳ್ಬಿಡು ತಾಯಿ. ಮುಗಿದೋಗುತ್ತೆ.”

ಒಂದೇ ಮಾತು. ಹೇಳಿದರೆ ಅಕ್ಟೋಬರ್‌ಗೆ ಹಡಗು ಬರುತ್ತದೆ, ತನ್ನ ಕುರ್ಚಿ ಉಳಿಯುತ್ತದೆ, ಕಾಫಿ ಬರುತ್ತದೆ. ಹೇಳದಿದ್ದರೆ ನಾಳೆಯಿಂದ ಎಲ್ಲಿ ಹೋಗಿ ಕೂರುವುದೋ ಗೊತ್ತಿಲ್ಲ. ರುಮಾನಾಗೆ ಭಯವಾಯಿತು, ನಿಜವಾಗಿಯೂ ಭಯವಾಯಿತು. ಆ ಭಯದ ಮೇಲೇ ಅವಳಿಗೆ ವಿಪರೀತ ಸಿಟ್ಟು ಬಂತು.

ಮೈಕಿನೊಳಗಿಂದ ಯಾರೋ ಅಧಿಕಾರಿಯ ದನಿ ಕೇಳಿತು. “ಹೇಳಿ ಮೇಡಂ. ಸೀಗಡಿ ಮೇಲಿನ ಪರಿಣಾಮ ನಗಣ್ಯವಲ್ಲ ಅಂತ ನಿಮ್ಮ ವರದಿಯಲ್ಲಿದೆ. ಅರ್ಥ ಏನು?”

“ಗಣನೀಯ ಅಂತ ಸರ್,” ಎಂದಳು ರುಮಾನಾ. “ಪರಿಣಾಮ ಇದೆ ಅಂತ.”

ಅವಳ ದನಿ ಅಲ್ಲಿಯ ಧ್ವನಿವರ್ಧಕದಿಂದ ದೊಡ್ಡದಾಗಿ ಹೊರಟು, ಫೋನಿನೊಳಗೆ ತಿರುಗಿ ಅವಳ ಕಿವಿಗೇ ಬಂತು. ಇದೆ ಅಂತ. ಅವಳು ಮಾತು ಮುಂದುವರಿಸಿದಳು. ಕೊರೆಯುವುದೇ ಬೇಡ ಅಂತಲ್ಲ, ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಬೇಡ. ನೀವು ಮೀನು ಒಣಹಾಕಿದ ದಿನವೇ ಪಕ್ಕದಲ್ಲಿ ಯಾರೋ ಮಣ್ಣು ತೂರಿದರೆ ಹೇಗೋ ಹಾಗೆ. ತಳದ ಕೆಸರಿನ ಲೆಕ್ಕವೆಲ್ಲ ನನ್ನ ಹತ್ತಿರ ಇದೆ, ನಾನು ಮೊದಲು ಬರೆದ ಅಧ್ಯಾಯವೂ ಇದೆ, ಕೇಳಿದರೆ ಕಳಿಸುತ್ತೇನೆ.

“ಕಳಿಸಿ,” ಎಂದರು ಅಧಿಕಾರಿ. ಅದನ್ನು ನೋಡುವ ತನಕ ಈ ವಿಷಯ ಮುಂದಕ್ಕೆ ಹೋಗುವಂತಿಲ್ಲ ಎಂದು ನಡಾವಳಿಯಲ್ಲಿ ಬರೆಸಿದ್ದೂ ಕೇಳಿಸಿತು. ಅದರ ಹಿಂದೆಯೇ, ದೂರದಿಂದ, ಮೈಕಿಲ್ಲದ ಒಂದು ಹೆಣ್ಣುದನಿ: “ಅಂದು ದಕ್ಕೆಯಲ್ಲಿ ತಲೆ ಹಿಡ್ಕೊಂಡು ಕೂತಿದ್ದ ಹುಡುಗಿಯೇ ಅಲ್ವಾ ಅದು? ಬರೀತೇನೆ ಅಂದಿತ್ತು.” ರುಮಾನಾ ಕಣ್ಣು ಒರೆಸಿಕೊಂಡಳು. ಫಾರ್ಮಲಿನ್ ಡಬ್ಬ ಅವತ್ತು ಮುಚ್ಚಿಯೇ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫೋನು ಬಂತು. ಈ ಸಲ ಹಿಂದೆ ಗದ್ದಲವಿರಲಿಲ್ಲ. ನಂದಕುಮಾರ್ ಹೊರಗೆಲ್ಲೋ ಬಂದು ನಿಂತಿದ್ದಿರಬೇಕು, ಗಾಳಿಯ ಸದ್ದು ಕೇಳು­ತ್ತಿತ್ತು. ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ. ದನಿಯಲ್ಲಿ ಜೀವವೇ ಇರಲಿಲ್ಲ.

“ಶಿವರಾಮ್ ಫೋನ್ ಎತ್ತುತಾ ಇಲ್ಲ,” ಎಂದರು. ಆಮೇಲೆ, “ಅದರ ಅರ್ಥ ಹಿಂಗೆ ಅಂತ ಆವತ್ತೇ ಒಂದ್ ಮಾತು ಹೇಳ್ಬಾರ್ದಾಗಿತ್ತೇನಮ್ಮ?”

“ಹೇಳೋಕೆ ಬಂದಿದ್ದೆ ಸರ್,” ಎಂದಳು ರುಮಾನಾ. “ನಿಮ್ಮನೇಲಿ ಉರ್ದು ಅಂದ್ರಿ.”